‘ಸೆಲ್ಫ್’ ಎಂಬ ಮಾತಿನ ಹಿಂದೆ: ಚಳಿಗಾಲದ ಮುಂಜಾವಿನಲ್ಲಿ ಮೊಂಡು ಹಿಡಿದ ಮೋಟಾರಿನ ಚರಿತ್ರೆ



ಹೊಸಪೇಟೆಯ ಯಾವುದಾದರೊಂದು ಮೋಟಾರು ಗ್ಯಾರೇಜಿನ ಮುಂದೆ ಹತ್ತು ನಿಮಿಷ ನಿಂತು ಕಿವಿಗೊಡಿ. ಒಂದು ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: “ಸೆಲ್ಫ್ ಹೊಡಿ, ನೋಡೋಣು.” ಇಲ್ಲವೇ “ಸೆಲ್ಫ್ ತಗೊಳ್ಳವಲ್ದು.” ಮೇಸ್ತ್ರಿಯೂ ಆಡುತ್ತಾನೆ, ಅವನ ಕೈಕೆಳಗಿನ ಹುಡುಗನೂ ಆಡುತ್ತಾನೆ, ಕಾರಿನ ಯಜಮಾನರೂ ಆಡುತ್ತಾರೆ. ಇಂಗ್ಲಿಷಿನಲ್ಲಿ ‘ಸೆಲ್ಫ್’ ಎಂದರೆ ‘ತಾನು’. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಒಂದು ಪುಟ್ಟ ವಿದ್ಯುತ್ ಮೋಟಾರಿಗೆ ‘ತಾನು’ ಎಂಬ ಹೆಸರು ಏಕೆ ಬಂತು?

ಹಂಪಿಯ ಶಾಸನಗಳನ್ನು ಓದುವಾಗ ನಾವು ಒಂದು ಪಾಠ ಕಲಿಯುತ್ತೇವೆ. ರಾಜ್ಯ ಹೋದರೂ ಮಾತು ಕಲ್ಲಿನ ಮೇಲೆ ಉಳಿದಿರುತ್ತದೆ. ಆ ಮಾತನ್ನು ಹಿಡಿದು ಹಿಂದಕ್ಕೆ ನಡೆದರೆ ಹೋದ ಕಾಲ ಕಾಣುತ್ತದೆ. ಗ್ಯಾರೇಜಿನ ಮಾತುಗಳೂ ಹಾಗೆಯೇ. ‘ಸೆಲ್ಫ್’, ‘ಬೆಂಡಿಕ್ಸ್’, ‘ಡೈನಮೋ’, ‘ಡೀಸೆಲ್’ ಇವೆಲ್ಲ ಗ್ರೀಸಿನ ಕೈಗಳು ಕಾಪಾಡಿಕೊಂಡು ಬಂದ ಶಾಸನಗಳು. ಈ ಲೇಖನದಲ್ಲಿ ಅವುಗಳಲ್ಲಿ ಕೆಲವನ್ನು ಓದೋಣ. ಜೊತೆಗೆ, ಡಿಸೆಂಬರ್–ಜನವರಿಯ ಮುಂಜಾವಿನಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ತಪ್ಪು ಯಾರದು ಎಂಬುದನ್ನು ಇತಿಹಾಸದ ವಿದ್ಯಾರ್ಥಿಯ ಹಾಗೆ, ಸಾಕ್ಷ್ಯ ಹಿಡಿದು ವಿಚಾರಿಸೋಣ.

ಹ್ಯಾಂಡಲಿನ ಕಾಲ

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಹುಟ್ಟಿನಿಂದಲೇ ಬಂದ ಒಂದು ದೌರ್ಬಲ್ಯವಿದೆ. ಅದು ತಾನಾಗಿ ಏಳಲಾರದು. ಉಗಿಯಂತ್ರದಲ್ಲಿ ಬಾಯ್ಲರಿನೊಳಗೆ ಒತ್ತಡ ಸಿದ್ಧವಾಗಿರುತ್ತದೆ; ಕವಾಟ ತೆರೆದರೆ ಸಾಕು, ಯಂತ್ರ ಹೊರಡುತ್ತದೆ. ಆದರೆ ಒಳಗೇ ಇಂಧನ ಉರಿಸುವ ಎಂಜಿನ್ ಮೊದಲು ಗಾಳಿಯನ್ನು ಒಳಗೆಳೆಯಬೇಕು, ಅದನ್ನು ಅದುಮಬೇಕು, ಆಮೇಲಷ್ಟೇ ಕಿಡಿ. ಮೊದಲ ಉರಿಗೆ ಮುಂಚಿನ ಈ ಎರಡು ಕೆಲಸಗಳನ್ನು ಹೊರಗಿನ ಶಕ್ತಿಯೇ ಮಾಡಿಕೊಡಬೇಕು. 1876ರಲ್ಲಿ ಜರ್ಮನಿಯ ನಿಕೊಲಸ್ ಆಟೊ ನಾಲ್ಕು ಹೊಡೆತದ ಎಂಜಿನ್ ರೂಪಿಸಿದಾಗಲೂ, 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಪಡೆದಾಗಲೂ ಈ ಮಾತು ಹಾಗೆಯೇ ಉಳಿಯಿತು. ಬೆಂಜ್ ಗಾಡಿಯ ಹಿಂಭಾಗದ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕಿತ್ತು.

ಮುಂದೆ ಬಂದದ್ದು ಝಡ್ ಆಕಾರದ ಕಬ್ಬಿಣದ ಹ್ಯಾಂಡಲ್. ಕಾರಿನ ಮೂತಿಗೆ ಸಿಕ್ಕಿಸಿ, ಬಗ್ಗಿ ನಿಂತು, ಬಲವೆಲ್ಲ ಹಾಕಿ ಸುತ್ತಬೇಕು. ನೆನಪಿಡಿ, ಇದು ಬರೀ ಕಷ್ಟದ ಕೆಲಸವಾಗಿರಲಿಲ್ಲ, ಅಪಾಯದ ಕೆಲಸ. ಪಿಸ್ಟನ್ ಮೇಲೇರುತ್ತಿರುವಾಗಲೇ ಕಿಡಿ ಬೇಗ ಹತ್ತಿಬಿಟ್ಟರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲ್ ಹಿಡಿದವನ ಮಣಿಕಟ್ಟು ಮುರಿದೀತು, ದವಡೆ ಒಡೆದೀತು. ಅದಕ್ಕೇ ಹಳೆಯ ಡ್ರೈವರುಗಳು ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ, ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಹಾರಿದರೂ ಕೈ ಬಿಡಿಸಿಕೊಳ್ಳಲಿ ಎಂಬ ಲೆಕ್ಕ.

ಹ್ಯಾಂಡಲ್ ಪೂರಾ ಸತ್ತಿಲ್ಲ. ಕಂಪ್ಲಿಯ ಕಡೆಯ ಭತ್ತ, ಕಬ್ಬಿನ ಗದ್ದೆಗಳಿರುವ ಊರುಗಳಲ್ಲಿ ಹಳೆಯ ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ ಕಂಡರೆ ಹತ್ತಿರ ಹೋಗಿ ನೋಡಿ. ಅದರ ತಲೆಯ ಮೇಲೊಂದು ಸಣ್ಣ ಸನ್ನೆ ಇರುತ್ತದೆ. ಅದನ್ನು ಎತ್ತಿದರೆ ಕವಾಟ ತೆರೆದೇ ಇರುತ್ತದೆ, ಒಳಗಿನ ಗಾಳಿ ಅದುಮಿಕೊಳ್ಳುವುದಿಲ್ಲ. ರೈತ ಆಗ ಹ್ಯಾಂಡಲ್ ಸುತ್ತಿ ಭಾರದ ಗಾಲಿಗೆ ವೇಗ ಕೊಡುತ್ತಾನೆ. ವೇಗ ಸಾಕಾಯಿತು ಎನ್ನಿಸಿದೊಡನೆ ಸನ್ನೆ ಬಿಡುತ್ತಾನೆ. ಗಾಲಿಯಲ್ಲಿ ಕೂಡಿಟ್ಟ ಚಲನಶಕ್ತಿಯೇ ಗಾಳಿಯನ್ನು ಅದುಮಿ ಎಂಜಿನ್ ಎಬ್ಬಿಸುತ್ತದೆ. ನಿಮ್ಮ ಭೌತಶಾಸ್ತ್ರದ ಪುಸ್ತಕದ ಒಂದು ಅಧ್ಯಾಯವೇ ಆ ಗದ್ದೆಯ ಬದುವಿನ ಮೇಲಿದೆ.

ಕೆಟ್ಟರಿಂಗ್ ಕಂಡ ಸತ್ಯ

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಬೈರನ್ ಕಾರ್ಟರ್ ಎಂಬ ಕಾರು ತಯಾರಕರಿದ್ದರು. ದಾರಿಯಲ್ಲಿ ನಿಂತುಹೋದ ಕಾರಿನ ಹ್ಯಾಂಡಲ್ ಸುತ್ತಿಕೊಡಲು ಹೋಗಿ ಪೆಟ್ಟು ತಿಂದು, ಅದರಿಂದಲೇ ತೀರಿಕೊಂಡರೆಂದೂ, ಅವರ ಗೆಳೆಯರಾಗಿದ್ದ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲೆಂಡ್ ‘ಇನ್ನು ಹ್ಯಾಂಡಲ್ ಬೇಡ’ ಎಂದು ನಿರ್ಧರಿಸಿದರೆಂದೂ ಕಥೆಯಿದೆ. ಅನೇಕ ಪುಸ್ತಕಗಳು ಈ ಘಟನೆಯನ್ನು 1910ರದೆಂದು ಬರೆಯುತ್ತವೆ. ಕಾರ್ಟರ್ ತೀರಿಕೊಂಡದ್ದಾದರೋ 1908ರಲ್ಲಿ. ಇತಿಹಾಸ ಓದುವವರು ಇಂಥಲ್ಲಿ ಒಂದು ಕ್ಷಣ ನಿಲ್ಲಬೇಕು. ಒಳ್ಳೆಯ ಕಥೆಯೆಂಬ ಕಾರಣಕ್ಕೆ ತಾರೀಖು ತಿದ್ದಿಕೊಳ್ಳುವುದಿಲ್ಲ.

ತಾರೀಖಿನಲ್ಲಿ ಗೊಂದಲವಿಲ್ಲದ ಸಂಗತಿ ಇದು: ಓಹಾಯೋದ ಡೇಟನ್ ಊರಿನ ಚಾರ್ಲ್ಸ್ ಕೆಟ್ಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅದಕ್ಕೂ ಮೊದಲು ಹಲವರು ಈ ಯತ್ನ ಮಾಡಿದ್ದರು. ಎಂಜಿನ್ ತಿರುಗಿಸುವಷ್ಟು ಬಲವಾದ ಮೋಟಾರು ಕಾರಿನಲ್ಲಿ ಹಿಡಿಸಲಾರದಷ್ಟು ದೊಡ್ಡದಾಗುತ್ತದೆ ಎಂಬುದು ಬಲ್ಲವರ ಆಕ್ಷೇಪ. ಕೆಟ್ಟರಿಂಗ್ ಇದಕ್ಕೆ ಮುಂಚೆ ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದರು. ಆ ಮೋಟಾರಿಗೆ ದಿನವಿಡೀ ಕೆಲಸವಿಲ್ಲ. ಗುಂಡಿ ಒತ್ತಿದಾಗ ಕ್ಷಣಮಾತ್ರ ಜೋರಾಗಿ ತಿರುಗಿ ಮತ್ತೆ ಸುಮ್ಮನಾಗುತ್ತದೆ. ಕಾರಿನ ಸ್ಟಾರ್ಟರಿಗೂ ಕೆಲವೇ ಸೆಕೆಂಡುಗಳ ಕೆಲಸ ತಾನೇ? ಹಾಗಾದರೆ ಸಣ್ಣ ಮೋಟಾರಿನ ಮೇಲೇ ಅದರ ಶಕ್ತಿ ಮೀರಿದ ಹೊರೆ ಹಾಕಬಹುದು. ಕಾಯುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಇದೇ ಅವರು ಕಂಡ ಸತ್ಯ.

ಈ ಒಂದು ವಾಕ್ಯದಿಂದ ಇಂದಿಗೂ ಅನ್ವಯಿಸುವ ನಿಯಮವೊಂದು ಹುಟ್ಟುತ್ತದೆ. ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಡುನಡುವೆ ಅರ್ಧ ನಿಮಿಷವೋ ಒಂದು ನಿಮಿಷವೋ ಬಿಡಬೇಕು. ಏಕೆಂದರೆ ಅದು ಓಟದ ಕುದುರೆ, ಗಾಣದ ಎತ್ತಲ್ಲ.

ಎಂಜಿನ್ನಿನ ಗಾಲಿಯ ಸುತ್ತ ನೂರಕ್ಕೂ ಮಿಕ್ಕ ಹಲ್ಲುಗಳ ಬಳೆ, ಮೋಟಾರಿನ ತುದಿಯಲ್ಲಿ ಹತ್ತರ ಆಸುಪಾಸಿನ ಹಲ್ಲುಗಳ ಪುಟ್ಟ ಗಾಲಿ. ಪುಟ್ಟದು ಹತ್ತಾರು ಸುತ್ತು ಸುತ್ತಿದರೆ ದೊಡ್ಡದು ಒಂದು ಸುತ್ತು. ಎಂಜಿನ್ ಎದ್ದೊಡನೆ ಪುಟ್ಟ ಗಾಲಿ ಹಿಂದೆ ಸರಿಯಬೇಕು, ಇಲ್ಲವಾದರೆ ಎಂಜಿನ್ನೇ ಮೋಟಾರನ್ನು ತಿರುಗಿಸಿ ಸುಟ್ಟೀತು. ಹೀಗೆ ಮುಂದೆ ಬಂದು ಹಲ್ಲು ಕಚ್ಚಿ, ತಾನೇ ಹಿಂದೆ ಸರಿಯುವ ಸಾಧನವನ್ನು 1910ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ವಿನ್ಸೆಂಟ್ ಬೆಂಡಿಕ್ಸ್. ಇಂದು ಒಳಗಿನ ರಚನೆ ಬೇರೆಯೇ ಆಗಿದ್ದರೂ ನಮ್ಮ ಮೇಸ್ತ್ರಿಗಳು ಆ ಭಾಗವನ್ನು ‘ಬೆಂಡಿಕ್ಸ್’ ಎಂದೇ ಕರೆಯುತ್ತಾರೆ.

1919ರಿಂದ ಫೋರ್ಡ್ ಕಂಪನಿಯ ಅಗ್ಗದ ಮಾಡೆಲ್ ಟಿ ಕಾರಿಗೂ ವಿದ್ಯುತ್ ಸ್ಟಾರ್ಟರ್ ಬಂತು. ಇನ್ನೊಬ್ಬನ ತೋಳು ಬೇಡ, ಕಾರು ತಾನೇ ಏಳುತ್ತದೆ ಎಂಬ ಬೆರಗಿನಿಂದಲೇ ಅದಕ್ಕೆ ‘ಸೆಲ್ಫ್ ಸ್ಟಾರ್ಟರ್’ ಎಂಬ ಹೆಸರು. ಬೆರಗು ಹೋಯಿತು, ಬಾಲದ ಪದವೂ ಉದುರಿತು, ‘ಸೆಲ್ಫ್’ ಮಾತ್ರ ನಮ್ಮ ಗ್ಯಾರೇಜುಗಳಲ್ಲಿ ಉಳಿಯಿತು.

ನಮ್ಮ ಸೀಮೆಯ ಗಾಲಿಗಳು

ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಬಳ್ಳಾರಿಯ ಬಿಸಿಲಿನಿಂದ ಬೆಂದ ಬ್ರಿಟಿಷ್ ಸೈನಿಕರಿಗಾಗಿ ಅಲ್ಲಿನ ರಾಮನದುರ್ಗದಲ್ಲಿ, 3,000 ಅಡಿಗೂ ಹೆಚ್ಚಿನ ಎತ್ತರದಲ್ಲಿ, ಆರೋಗ್ಯಧಾಮವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಬೆಟ್ಟಗಳಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ಮೊದಲಾಯಿತು. 1945ರಿಂದ 1953ರವರೆಗೆ ಹೊಸಪೇಟೆಯ ಪಕ್ಕದಲ್ಲಿ ತುಂಗಭದ್ರಾ ಅಣೆಕಟ್ಟೆ ಎದ್ದಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ, 1977ರಲ್ಲಿ ದೋಣಿಮಲೈ ಗಣಿ. ಅಣೆಕಟ್ಟೆ, ಅದಿರು, ಕಬ್ಬು, ಭತ್ತ ಇವೆಲ್ಲ ಸೇರಿ ಹೊಸಪೇಟೆಯನ್ನು ಲಾರಿಗಳ ಊರಾಗಿಸಿದವು. ಲಾರಿ ಬಂದಲ್ಲಿ ಟೈರಿನ ಅಂಗಡಿ, ಬ್ಯಾಟರಿ ಚಾರ್ಜಿನ ಅಂಗಡಿ, ಆರ್ಮೇಚರಿಗೆ ತಂತಿ ಸುತ್ತುವ ಅಂಗಡಿ ಹಿಂದೆಯೇ ಬರುತ್ತವೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದ ಮೇಲೆ ಇದಕ್ಕೆ ಟ್ಯಾಕ್ಸಿಗಳೂ ಕೂಡಿಕೊಂಡವು. ಪ್ರವಾಸಿಗರು ಹೆಚ್ಚಾಗಿ ಬರುವುದೇ ಚಳಿಗಾಲದಲ್ಲಿ. ಅವರಿಗೆ ಮಾತಂಗ ಪರ್ವತದ ಮೇಲಿನಿಂದ ಸೂರ್ಯೋದಯ ನೋಡಬೇಕು. ಹಾಗಾಗಿ ಕಮಲಾಪುರದ ಟ್ಯಾಕ್ಸಿ ಏಳಬೇಕಾದದ್ದು ವರ್ಷದ ಅತಿ ತಣ್ಣನೆಯ ದಿನಗಳ ಅತಿ ತಣ್ಣನೆಯ ಹೊತ್ತಿನಲ್ಲಿ. ಅದು ಏಳದಿದ್ದರೆ ಆ ದಿನದ ದುಡಿಮೆ ಹೋಯಿತು. ಸಂಡೂರಿನಿಂದ ಹೊಸಪೇಟೆಯ ಆಸ್ಪತ್ರೆಗೆ ಹೊರಡಬೇಕಾದ ವಾಹನವಾದರೆ ಹೋಗುವುದು ದುಡಿಮೆಯಷ್ಟೇ ಅಲ್ಲ.

ಚಳಿಯ ಮೇಲೆ ಹೊರಿಸಿದ ಅಪವಾದ

“ಚಳಿಗೆ ಬ್ಯಾಟರಿ ಕೆಟ್ಟಿತು” ಎನ್ನುವುದು ವಾಡಿಕೆ. ಈ ಮಾತನ್ನು ಪರೀಕ್ಷಿಸೋಣ.

ಕಾರಿನ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗಾಸ್ಟೊನ್ ಪ್ಲಾಂಟೆ ಕಂಡುಹಿಡಿದ ಸೀಸ–ಆಮ್ಲದ ಬ್ಯಾಟರಿಯ ಮೊಮ್ಮಗ. ಸೀಸದ ಫಲಕಗಳು, ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ತು ಹೊರಡುವುದು ಇವುಗಳ ನಡುವಿನ ರಾಸಾಯನಿಕ ಕ್ರಿಯೆಯಿಂದ. ತಣ್ಣಗಾದಂತೆ ಕ್ರಿಯೆ ನಿಧಾನವಾಗುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರು ಪಾಲು ಸಾಮರ್ಥ್ಯವಿರುವ ಬ್ಯಾಟರಿಯಲ್ಲಿ ಸೊನ್ನೆ ಡಿಗ್ರಿಯಲ್ಲಿ ಸಿಗುವುದು ಸುಮಾರು 65 ಪಾಲು. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಸುಮಾರು 40 ಪಾಲು. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ ಎಂಜಿನ್ ಬಿಗಿಯುತ್ತದೆ. ಕೊಡುವವನ ಕೈ ಕುಗ್ಗುತ್ತದೆ, ಕೇಳುವವನ ಹಸಿವು ಹೆಚ್ಚುತ್ತದೆ. ಡೀಸೆಲ್ ಎಂಜಿನ್ನಿಗೆ ಇನ್ನೂ ಒಂದು ತೊಂದರೆ. ಅದರಲ್ಲಿ ಕಿಡಿಯಿಲ್ಲ, ಅದುಮಿದ ಗಾಳಿಯ ಬಿಸಿಗೇ ಇಂಧನ ಹೊತ್ತಬೇಕು. ನಿಧಾನವಾಗಿ ತಿರುಗಿದರೆ ಆ ಬಿಸಿಯೆಲ್ಲ ತಣ್ಣನೆಯ ಸಿಲಿಂಡರಿನ ಗೋಡೆಗೆ ಸೋರಿಹೋಗುತ್ತದೆ.

ಹಿಮದ ನಾಡಿನಲ್ಲಿ ಚಳಿ ನಿಜಕ್ಕೂ ಅಪರಾಧಿ. 1941–42ರ ಚಳಿಗಾಲದಲ್ಲಿ ಮಾಸ್ಕೋದ ಬಾಗಿಲಲ್ಲಿ ಜರ್ಮನ್ ಸೈನಿಕರು ಎಂಜಿನ್ನುಗಳ ಕೆಳಗೆ ಬೆಂಕಿ ಹಾಕಿ ವಾಹನಗಳನ್ನು ಎಬ್ಬಿಸಬೇಕಾಯಿತು. ನಮ್ಮ ಲಡಾಖಿನಲ್ಲಿ ಡೀಸೆಲ್ಲೇ ಗಟ್ಟಿಯಾಗುತ್ತದೆ. ಅದಕ್ಕಾಗಿ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಬಿಡುಗಡೆ ಮಾಡಿತು.

ಆದರೆ ನಮ್ಮ ಹೊಸಪೇಟೆಯಲ್ಲಿ? ಡಿಸೆಂಬರಿನ ಇರುಳಿನಲ್ಲಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸಂಡೂರಿನ ಬೆಟ್ಟದ ಮೇಲೆ ಇನ್ನಷ್ಟು ತಂಪು. ಮೇಲಿನ ಲೆಕ್ಕದಂತೆ 27ರಿಂದ 15 ಡಿಗ್ರಿಗೆ ಇಳಿದರೆ ಬ್ಯಾಟರಿ ಕಳೆದುಕೊಳ್ಳುವುದು ನೂರಕ್ಕೆ ಸುಮಾರು ಹದಿನೈದು ಪಾಲು. ಗಟ್ಟಿಮುಟ್ಟಾದ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಹಾಗಿದ್ದರೂ ಸ್ಟಾರ್ಟ್ ಆಗಲಿಲ್ಲವೆಂದರೆ ಆ ಬ್ಯಾಟರಿ ಮೊದಲೇ ಅಂಚಿಗೆ ಬಂದು ನಿಂತಿತ್ತು ಎಂದೇ ಅರ್ಥ.

ಅಂಚಿಗೆ ತಂದವರು ಯಾರು? ಹೆಚ್ಚಿನ ಪಾಲು ಬೇಸಿಗೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಸೀಮೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಾನೆಟ್ಟಿನ ಕೆಳಗೆ ಇನ್ನೂ ಹೆಚ್ಚು. ಬಿಸಿಯಲ್ಲಿ ಬ್ಯಾಟರಿ ಚುರುಕಾಗಿರುತ್ತದೆ ನಿಜ. ಆದರೆ ಒಳಗಿನ ಸೀಸ ಸವೆಯುವ ಕ್ರಿಯೆಯೂ ಅಷ್ಟೇ ಚುರುಕು, ನೀರೂ ಆರುತ್ತದೆ. ಸುಮಾರು 10 ಡಿಗ್ರಿ ಹೆಚ್ಚಾದರೆ ಬ್ಯಾಟರಿಯ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದವರು ಹೇಳುವ ಸ್ಥೂಲ ಲೆಕ್ಕ. ಬೇಸಿಗೆ ಕದ್ದದ್ದು ಬೇಸಿಗೆಯಲ್ಲಿ ಕಾಣುವುದಿಲ್ಲ. ಚಳಿಗಾಲ ಬಂದು ಲೆಕ್ಕ ಕೇಳಿದಾಗ ಪೆಟ್ಟಿಗೆ ಬರಿದಾಗಿರುವುದು ಬಯಲಾಗುತ್ತದೆ.

ಎರಡನೆಯ ಅಪರಾಧಿ, ನಿಂತುಬಿಡುವುದು. ಬಳಸದ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲಿಯೇ ಬಹುದಿನ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಮತ್ತೆ ಚಾರ್ಜ್ ಮಾಡಿದರೂ ಕರಗದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದಾಗ ಈ ಸೀಮೆಯ ಸಾವಿರಾರು ಲಾರಿಗಳು ಕೆಲಸವಿಲ್ಲದೆ ನಿಂತವು. 2020ರ ಲಾಕ್‌ಡೌನಿನಲ್ಲಿ ಊರೂರಿನ ಕಾರುಗಳೇ ನಿಂತವು. ಅದನ್ನು ನೀವೂ ಕಂಡಿದ್ದೀರಿ. ಇಂಥ ನಿಲುಗಡೆಗಳ ಲೆಕ್ಕ ಬ್ಯಾಟರಿಯ ಅಂಗಡಿಯಲ್ಲಿ ತೀರುತ್ತದೆ.

1565ರ ಜನವರಿಯ ಒಂದು ದಿನದ ಕಾಳಗದಿಂದ ವಿಜಯನಗರ ಬಿತ್ತು ಎಂದು ಬರೆದು ಮುಗಿಸಿದ ವಿದ್ಯಾರ್ಥಿಗೆ ಮೇಷ್ಟ್ರು ಕೇಳುವ ಪ್ರಶ್ನೆ ನಿಮಗೆ ಗೊತ್ತು: ಅದಕ್ಕೂ ಮುಂಚಿನ ವರ್ಷಗಳಲ್ಲಿ ಏನು ನಡೆದಿತ್ತು? ಕೊನೆಗೆ ಕಂಡದ್ದೇ ಕಾರಣವಲ್ಲ. ಬ್ಯಾಟರಿಯ ವಿಷಯದಲ್ಲಿಯೂ ಇದೇ ಪ್ರಶ್ನೆ.

ಮೊದಲು ಕಿವಿ, ಆಮೇಲೆ ಕೈ

ಈಗ ಪರೀಕ್ಷೆಗೆ ಬರೋಣ. ಮುಂಜಾನೆ ಐದೂವರೆ. ಕೀಲಿ ತಿರುಗಿಸಿದ್ದೀರಿ, ಕಾರು ಏಳಲಿಲ್ಲ. ಮತ್ತೆ ಮತ್ತೆ ಕೀಲಿ ತಿರುವಬೇಡಿ. ಒಂದು ಸಲ ತಿರುವಿ, ಕೇಳಿ.

ಸೆಲ್ಫ್ ಚುರುಕಾಗಿ ಎಂದಿನಂತೆ ತಿರುಗುತ್ತಿದೆ, ಆದರೆ ಎಂಜಿನ್ ಹೊತ್ತುತ್ತಿಲ್ಲ. ಹಾಗಾದರೆ ಬ್ಯಾಟರಿಯೂ ಸೆಲ್ಫೂ ನಿರಪರಾಧಿಗಳು. ಇಂಧನವನ್ನೂ ಕಿಡಿಯನ್ನೂ, ಡೀಸೆಲ್ ಕಾರಾದರೆ ಬಿಸಿ ಮಾಡುವ ಪ್ಲಗ್ಗನ್ನೂ ವಿಚಾರಿಸಬೇಕು.

‘ಊಂ… ಊಂ…’ ಎಂದು ನರಳುತ್ತ ನಿಧಾನವಾಗಿ ತಿರುಗುತ್ತಿದೆ. ಬ್ಯಾಟರಿ ಇಳಿದಿದೆ, ಅಥವಾ ಟರ್ಮಿನಲ್ ಕೊಳೆಯಾಗಿದೆ, ಅಥವಾ ಸೆಲ್ಫಿನ ಬುಷ್, ಕಾರ್ಬನ್ ಸವೆದಿವೆ. ಎಂಜಿನ್ನಿಗೆ ಬೇಕಾದುದಕ್ಕಿಂತ ಮಂದವಾದ ಆಯಿಲ್ ಹಾಕಿದ್ದರೂ ಹೀಗಾಗಬಹುದು. ಡಬ್ಬಿಯ ಮೇಲೆ 20ಡಬ್ಲ್ಯು–40 ಎಂದು ಬರೆದಿರುತ್ತದಲ್ಲ, ಅಲ್ಲಿನ ‘ಡಬ್ಲ್ಯು’ ಚಳಿಗಾಲವನ್ನು ಸೂಚಿಸುವ ಅಕ್ಷರ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ.

‘ಟಿಕ್ ಟಿಕ್ ಟಿಕ್ ಟಿಕ್’ ಎಂದು ಒಂದೇ ಸಮನೆ ಬಡಿಯುತ್ತಿದೆ. ಇದು ಸೊಲೆನಾಯಿಡ್ ಎಂಬ ವಿದ್ಯುತ್ಕಾಂತದ ಸದ್ದು. ಅದು ಎಳೆದುಕೊಳ್ಳುವಷ್ಟು ವಿದ್ಯುತ್ತು ಇದೆ. ಮೋಟಾರಿಗೆ ದಾರಿ ತೆರೆದೊಡನೆ ವೋಲ್ಟೇಜ್ ಕುಸಿದು ಕೈಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಇಳಿದ ಬ್ಯಾಟರಿಯ ಗುರುತು ಇದು.

‘ಟಕ್’ ಎಂದು ಒಂದೇ ಸದ್ದು, ಆಮೇಲೆ ಮೌನ. ಸೊಲೆನಾಯಿಡ್ ಎಳೆದಿದೆ, ಮೋಟಾರು ತಿರುಗಿಲ್ಲ. ಸೊಲೆನಾಯಿಡಿನ ಒಳಗಿನ ತಾಮ್ರದ ಸಂಪರ್ಕ ಸುಟ್ಟಿರಬಹುದು, ಕಾರ್ಬನ್ ಸವೆದಿರಬಹುದು, ದಪ್ಪ ತಂತಿ ಸಡಿಲವಿರಬಹುದು.

‘ವ್ಞೀಂ…’ ಎಂದು ಸೆಲ್ಫ್ ಒಂದೇ ತಿರುಗುತ್ತಿದೆ, ಎಂಜಿನ್ ಅಲುಗುತ್ತಿಲ್ಲ. ಬೆಂಡಿಕ್ಸ್ ಮುಂದೆ ಬಂದು ಹಲ್ಲು ಕಚ್ಚುತ್ತಿಲ್ಲ.

ಏನೂ ಸದ್ದಿಲ್ಲ. ಈಗ ಹೆಡ್‌ಲೈಟ್ ಹಾಕಿ, ಅದನ್ನು ನೋಡುತ್ತ ಕೀಲಿ ತಿರುವಿ. ದೀಪ ಹತ್ತಲೇ ಇಲ್ಲವೇ? ಬ್ಯಾಟರಿ ಪೂರ್ತಿ ಬರಿದಾಗಿದೆ, ಇಲ್ಲವೇ ತಂತಿ ಕಳಚಿದೆ. ಉರಿಯುತ್ತಿದ್ದ ದೀಪ ಕೀಲಿ ತಿರುವಿದಾಗ ಥಟ್ಟನೆ ಆರಿತೇ? ಟರ್ಮಿನಲ್ ಸಡಿಲವಿದೆ ಅಥವಾ ಕೊಳೆಯಾಗಿದೆ. ಮೆಲ್ಲಗೆ ಮಂಕಾಯಿತೇ? ಬ್ಯಾಟರಿಗೆ ಬಲವಿಲ್ಲ. ದೀಪ ಕಿಂಚಿತ್ತೂ ಕದಲದೆ ಉರಿಯುತ್ತಿದೆಯೇ? ಹಾಗಾದರೆ ಸೆಲ್ಫಿನ ಕಡೆಗೆ ವಿದ್ಯುತ್ತು ಹೊರಟೇ ಇಲ್ಲ. ಕೀಲಿಯ ಸ್ವಿಚ್ಚು, ರಿಲೇ, ಸಣ್ಣ ತಂತಿಗಳನ್ನು ನೋಡಬೇಕು. ಆಟೋಮ್ಯಾಟಿಕ್ ಗೇರಿನ ಕಾರಾದರೆ ಗೇರು ತನ್ನ ಸ್ಥಾನದಲ್ಲಿದೆಯೇ, ಕೆಲವು ಹೊಸ ಕಾರುಗಳಲ್ಲಿ ಕ್ಲಚ್ ಒತ್ತಿದ್ದೀರಾ ಎಂಬುದನ್ನು ಅದಕ್ಕೂ ಮೊದಲು ನೋಡಿ.

ಇಷ್ಟಕ್ಕೂ ಖರ್ಚಾದದ್ದು ಎರಡು ನಿಮಿಷ. ಬಳಸಿದ ಉಪಕರಣ ಕಿವಿ ಮತ್ತು ಕಣ್ಣು.

ದೀಪ ಉರಿಯುತ್ತದೆ, ಸೆಲ್ಫ್ ಏಕಿಲ್ಲ?

ಬಹಳ ಮಂದಿಯನ್ನು ದಾರಿ ತಪ್ಪಿಸುವ ಪ್ರಶ್ನೆ ಇದು. ಉತ್ತರ ಜರ್ಮನಿಯ ಶಾಲಾ ಮೇಷ್ಟ್ರು ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಲ್ಲಿದೆ. ರೋಧವನ್ನು ಪ್ರವಾಹದಿಂದ ಗುಣಿಸಿದರೆ ಕಳೆದುಹೋಗುವ ವೋಲ್ಟೇಜ್ ಸಿಗುತ್ತದೆ.

ಟರ್ಮಿನಲ್ಲಿನ ಮೇಲೆ ಬಿಳಿಯದೋ ಹಸಿರು–ನೀಲಿಯದೋ ಹೂ ಬಂದಂತೆ ಕೊಳೆ ಕಟ್ಟಿದೆ ಎನ್ನಿ. ಅದರ ರೋಧ 0.05 ಓಮ್ ಇರಲಿ. ಒಂದು ಹೆಡ್‌ಲೈಟ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ಕೊಳೆಯಲ್ಲಿ ಕಳೆದುಹೋಗುವುದು 0.25 ವೋಲ್ಟ್ ಮಾತ್ರ. ದೀಪಕ್ಕೆ ಏನೂ ತಿಳಿಯದು. ಆದರೆ ಕಾರಿನ ಸೆಲ್ಫಿಗೆ ಬೇಕಾದದ್ದು 150 ಆಂಪಿಯರ್ ಎಂದುಕೊಳ್ಳಿ. ಅಷ್ಟು ಪ್ರವಾಹ ಹರಿಯಬೇಕಾದರೆ ಅದೇ ಕೊಳೆಯಲ್ಲಿ 7.5 ವೋಲ್ಟ್ ಕಳೆಯಬೇಕು. ಇರುವುದೇ 12, ಮೋಟಾರಿಗೆ ಉಳಿಯುವುದೇನು? ಹೀಗಾಗಿ ಅಷ್ಟು ಪ್ರವಾಹ ಹರಿಯುವುದೇ ಇಲ್ಲ. ಕೊಳೆ ಉಜ್ಜುವ ಕೆಲಸಕ್ಕೆ ಹೊಸ ಬ್ಯಾಟರಿಯ ಬೆಲೆ ತೆತ್ತ ಮನೆಗಳು ಎಷ್ಟಿಲ್ಲ!

ಕಾಲೇಜಿನಲ್ಲಿ ಮಲ್ಟಿಮೀಟರ್ ಬಳಸಲು ಕಲಿತಿದ್ದರೆ ಇದನ್ನು ಕಣ್ಣಾರೆ ನೋಡಬಹುದು. ಒಂದು ಮೊನೆಯನ್ನು ಬ್ಯಾಟರಿಯ ಗೂಟಕ್ಕೆ, ಇನ್ನೊಂದನ್ನು ಅದೇ ಗೂಟವನ್ನು ಹಿಡಿದ ಕ್ಲಾಂಪಿಗೆ ಇಟ್ಟು, ಹಿರಿಯರೊಬ್ಬರು ಸೆಲ್ಫ್ ಹೊಡೆಯುವಾಗ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಕಳ್ಳ ಅಲ್ಲಿಯೇ ಸಿಕ್ಕ. ಇರುಳೆಲ್ಲ ಸುಮ್ಮನಿದ್ದ ಒಳ್ಳೆಯ ಬ್ಯಾಟರಿ 12.6 ವೋಲ್ಟಿನಷ್ಟು ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಬಹುಪಾಲು ಬರಿದು. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಕ್ಕೆ ಬಿದ್ದರೆ ಬ್ಯಾಟರಿಯನ್ನು ಸಂಶಯಿಸಬೇಕು.

ಇನ್ನೊಂದು ಲೆಕ್ಕ. 150 ಆಂಪಿಯರಿನಂತೆ 4 ಸೆಕೆಂಡು ಸೆಲ್ಫ್ ಹೊಡೆದರೆ ಖರ್ಚಾಗುವ ವಿದ್ಯುದಂಶ 600 ಕೂಲಂಬ್. ಎರಡು ಹೆಡ್‌ಲೈಟುಗಳು ಸೇರಿ 10 ಆಂಪಿಯರ್. ಅವು ಇದನ್ನು ಒಂದೇ ನಿಮಿಷದಲ್ಲಿ ನುಂಗುತ್ತವೆ. ಹಾಗಾದರೆ ಬ್ಯಾಟರಿಯನ್ನು ಬರಿದು ಮಾಡುವುದು ದಿನಕ್ಕೊಮ್ಮೆ ಹೊಡೆಯುವ ಸೆಲ್ಫೋ, ರಾತ್ರಿಯಿಡೀ ಮರೆತು ಬಿಟ್ಟ ದೀಪವೋ? ನೀವೇ ಹೇಳಿ.

ಜೀವಕ್ಕಿಂತ ಕಾರು ದೊಡ್ಡದಲ್ಲ

ಈ ವಿದ್ಯೆಯಲ್ಲಿ ಕುತೂಹಲದಷ್ಟೇ ಎಚ್ಚರವೂ ಬೇಕು. ಹಿರಿಯರೋ ಮೇಸ್ತ್ರಿಯೋ ಜೊತೆಗಿಲ್ಲದೆ ಬಾನೆಟ್ ತೆರೆಯಬೇಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಒಂದು ಬೀಡಿಯ ಕಿಡಿ ಸಾಕು, ಬ್ಯಾಟರಿ ಸಿಡಿದು ಆಮ್ಲ ಕಣ್ಣಿಗೆ ಹಾರುತ್ತದೆ. ಇನ್ನೊಂದು ಕಾರಿನ ಬ್ಯಾಟರಿಯಿಂದ ತಂತಿ ಹಾಕುವಾಗ ಮೊದಲು ಧನಕ್ಕೆ ಧನ, ಆಮೇಲೆ ಒಳ್ಳೆಯ ಬ್ಯಾಟರಿಯ ಋಣ; ಕಟ್ಟಕಡೆಯ ತುದಿಯನ್ನು ಇಳಿದ ಬ್ಯಾಟರಿಗೆ ಕೊಡದೆ, ಅದರಿಂದ ದೂರದ ಎಂಜಿನ್ನಿನ ಬರಿಯ ಲೋಹಕ್ಕೆ ಕೊಡಬೇಕು. ಕೊನೆಯ ಜೋಡಣೆಯಲ್ಲಿ ಹಾರುವ ಕಿಡಿ ಬ್ಯಾಟರಿಯಿಂದ ದೂರವಿರಲಿ ಎಂಬುದೇ ಇದರ ಗುಟ್ಟು. ತೆಗೆಯುವಾಗ ತಿರುಗುಮುರುಗು.

ಕಾರಿನ ಕೆಳಗೆ ಮಲಗಿ, ಸ್ಪ್ಯಾನರಿನಿಂದ ಸೊಲೆನಾಯಿಡಿನ ಎರಡು ಬೋಲ್ಟುಗಳನ್ನು ಮುಟ್ಟಿಸಿ ಸೆಲ್ಫ್ ಹೊಡೆಯುವ ಅಭ್ಯಾಸ ಕೆಲವು ಕಡೆ ಇದೆ. ಗಾಡಿ ಗೇರಿನಲ್ಲಿದ್ದರೆ ಅದು ಮುಂದಕ್ಕೆ ನುಗ್ಗಿ ಮಲಗಿದವನ ಮೇಲೆಯೇ ಹರಿಯುತ್ತದೆ. ಟ್ರ್ಯಾಕ್ಟರಿನಲ್ಲಿಯೂ ಇದೇ ಅಪಾಯ. ಹ್ಯಾಂಡಲಿನ ಪೆಟ್ಟು ತಪ್ಪಿಸಲೆಂದು ಹುಟ್ಟಿದ ಸಾಧನದಿಂದಲೇ ಪೆಟ್ಟು ತಿನ್ನುವುದು ಯಾವ ನ್ಯಾಯ? ಇದನ್ನು ನಿಮ್ಮ ಮನೆಯವರಿಗೂ ತಿಳಿಸಿ.

ಮುಂದೇನು?

ವಿದ್ಯುತ್ ಕಾರುಗಳಲ್ಲಿ ಸೆಲ್ಫ್ ಎಂಬುದೇ ಇಲ್ಲ. ವಿದ್ಯುತ್ ಮೋಟಾರನ್ನು ಎಬ್ಬಿಸಲು ಇನ್ನೊಂದು ಮೋಟಾರು ಬೇಡ. ಆದರೂ ಬಾಗಿಲಿನ ಬೀಗ, ದೀಪ, ಗಣಕ ಇವುಗಳಿಗಾಗಿ 12 ವೋಲ್ಟಿನ ಒಂದು ಪುಟ್ಟ ಬ್ಯಾಟರಿ ಅವುಗಳಲ್ಲಿಯೂ ಇರುತ್ತದೆ. ಅದು ಬರಿದಾದರೆ ಲಕ್ಷಾಂತರ ರೂಪಾಯಿಯ ಕಾರು ಕೂಡ ಅಲುಗದೆ ನಿಲ್ಲುತ್ತದೆ. ಕೆಲವು ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ಎಬ್ಬಿಸುವ ಮೋಟಾರೂ ವಿದ್ಯುತ್ತು ಹುಟ್ಟಿಸುವ ಯಂತ್ರವೂ ಒಂದೇ. ಕೆಟ್ಟರಿಂಗ್ 1912ರಲ್ಲಿ ಎರಡೂ ಕೆಲಸಗಳನ್ನು ಒಂದೇ ಯಂತ್ರದಿಂದ ಮಾಡಿಸಿದ್ದರು. ಚಕ್ರ ಒಂದು ಸುತ್ತು ಬಂದಿದೆ.

ಒಂದು ದಿನ ನಮ್ಮ ಗ್ಯಾರೇಜುಗಳಿಂದ ‘ಸೆಲ್ಫ್’ ಎಂಬ ಮಾತು ಮರೆಯಾದೀತು. ಕೀಲಿ ತಿರುವುವ ಮುನ್ನ ಕೇಳಿಸಿಕೊಳ್ಳುವುದು, ಕಣ್ಣಿಗೆ ಮೊದಲು ಬಿದ್ದವನನ್ನೇ ಕಳ್ಳ ಎನ್ನದಿರುವುದು, ಅಗ್ಗದ ಪರೀಕ್ಷೆಯನ್ನು ಮೊದಲು ಮಾಡಿ ದುಬಾರಿ ತೀರ್ಮಾನವನ್ನು ಕೊನೆಗೆ ಇಡುವುದು, ಈ ಶಿಸ್ತು ಮರೆಯಾಗಬಾರದು. ಇದನ್ನು ಪ್ರಯೋಗಶಾಲೆಯಲ್ಲಿ ವೈಜ್ಞಾನಿಕ ವಿಧಾನ ಎನ್ನುತ್ತೇವೆ. ಹೊಸಪೇಟೆಯ ಒಳ್ಳೆಯ ಮೇಸ್ತ್ರಿ ಆ ಹೆಸರು ಕೇಳಿರಲಿ ಬಿಡಲಿ, ದಿನವೂ ಅದನ್ನೇ ಮಾಡುತ್ತಾನೆ.

ಮಾಡಿ ನೋಡಿ

1. ನಿಮ್ಮೂರಿನ ಗ್ಯಾರೇಜಿನಲ್ಲಿ ಬಳಸುವ ಇಪ್ಪತ್ತು ಪದಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ವ್ಯಕ್ತಿಗಳ ಹೆಸರಿನಿಂದ ಬಂದವು ಎಷ್ಟು?
2. ಮನೆಯ ವಾಹನದ ಬ್ಯಾಟರಿ ಕೊಂಡ ತಿಂಗಳನ್ನು ಗುರುತು ಹಾಕಿಕೊಳ್ಳಿ. ಅದು ಎಷ್ಟು ಬೇಸಿಗೆಗಳನ್ನು ಕಂಡಿದೆ ಎಂದು ಎಣಿಸಿ.
3. ಎರಡು ಸಣ್ಣ ಬಾಟಲಿಗಳಲ್ಲಿ ಎಂಜಿನ್ ಆಯಿಲ್ ಹಾಕಿ, ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಬಿಸಿಲಿನಲ್ಲಿ ಒಂದು ಗಂಟೆ ಇಡಿ. ಓರೆಯಾಗಿಸಿದ ತಟ್ಟೆಯ ಮೇಲೆ ಎರಡರಿಂದಲೂ ಒಂದೊಂದು ಹನಿ ಬಿಟ್ಟು, ಕೆಳಗೆ ಹರಿಯಲು ಹಿಡಿದ ಹೊತ್ತನ್ನು ಹೋಲಿಸಿ. ಬಾಟಲಿಯ ಮೇಲೆ ‘ಆಯಿಲ್, ಕುಡಿಯಬಾರದು’ ಎಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ.